ಮಿಡ್ಲ್‌ಟನ್ ಪ್ಲೇಸ್‌ಗೆ ಹೊರಟವರಿಗೆ

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದಿಂದ ಸುಮಾರು 22 ಕಿ.ಮೀ. ದೂರದಲ್ಲಿ, ಆಶ್ಲಿ ನದಿಯ ದಂಡೆಯ ಮೇಲಿರುವ ಮಿಡ್ಲ್‌ಟನ್ ಪ್ಲೇಸ್ ಎಂಬ, ಹಿಂದೆ ಗುಲಾಮರಿಂದ ಭತ್ತ ಬೆಳೆಸುತ್ತಿದ್ದ ಎಸ್ಟೇಟಿಗೆ ಕಾರಿಲ್ಲದೆ ಹೋಗಬೇಡಿ. ಬೆಳಿಗ್ಗೆ ಮೊಬೈಲ್‌ನಲ್ಲಿ ಕರೆದ ಟ್ಯಾಕ್ಸಿ ಐದು ನಿಮಿಷದಲ್ಲಿ ಬಂದಿತ್ತು. ಮರಳುವಾಗ ಮುಕ್ಕಾಲು ಗಂಟೆ ಕಾದ ಮೇಲೆ ಸಿಕ್ಕಿದ ಟ್ಯಾಕ್ಸಿಗೆ ಬೆಳಗಿನ ಬಾಡಿಗೆಯ ದುಪ್ಪಟ್ಟು ತೆತ್ತೆವು. ನಗರದಲ್ಲಿ ಹಿಡಿದಿದ್ದ ಕೊಠಡಿಯೂ ದುಬಾರಿಯೇ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆಟುಕುತ್ತಿತ್ತು.

ನಾವು ನೋಡಲು ಹೋದದ್ದು ಹೆನ್ರಿ ಮಿಡ್ಲ್‌ಟನ್‌ನ ಮನೆಯನ್ನು. 1717ರಲ್ಲಿ ಹುಟ್ಟಿದ ಈತನಿಗೆ ಈ ಜಮೀನು 1741ರಲ್ಲಿ ಮೇರಿ ವಿಲಿಯಮ್ಸ್‌ಳನ್ನು ಮದುವೆಯಾದಾಗ ಬಳುವಳಿಯಾಗಿ ಬಂತು. ಸುಮಾರು 50,000 ಎಕರೆ ಭೂಮಿಗೂ 800 ಗುಲಾಮರಿಗೂ ಒಡೆಯನಾಗಿ ಬೆಳೆದ ಈತ, ಬ್ರಿಟಿಷರ ನೀತಿಗಳನ್ನು ವಿರೋಧಿಸಲು ಅಮೆರಿಕದ ವಸಾಹತುಗಳ ಪ್ರತಿನಿಧಿಗಳು ಸೇರಿದ್ದ ಮೊದಲನೆಯ ಕಾಂಟಿನೆಂಟಲ್ ಕಾಂಗ್ರೆಸ್ಸಿಗೆ, ಅದರ ಅಧ್ಯಕ್ಷ ಪೇಟನ್ ರಾಂಡಾಲ್ಫ್ ಊರಿಗೆ ಹೊರಟಾಗ, ಅಧ್ಯಕ್ಷನೂ ಆದ. ಆದರೆ ಆ ಪದವಿ 1774ರ ಅಕ್ಟೋಬರ್ 22ರಿಂದ 26ರವರೆಗೆ ಮಾತ್ರ. 1780ರಲ್ಲಿ ಚಾರ್ಲ್ಸ್‌ಟನ್ ಬ್ರಿಟಿಷರ ವಶವಾದಾಗ ಅವರ ಆಶ್ರಯವನ್ನೂ ಒಪ್ಪಿಕೊಂಡ. ಭತ್ತದಿಂದ ಬದುಕಿದವನಿಗೆ ಗಾಳಿ ಬಂದಾಗ ತೂರಿಕೊಳ್ಳುವುದನ್ನು ಯಾರೂ ಕಲಿಸಬೇಕಿರಲಿಲ್ಲ.

ಹೋದ ಮೇಲೆ ತಿಳಿದದ್ದು, ಆ ದೊಡ್ಡ ಮನೆಯೇ ಅಲ್ಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ, 1865ರಲ್ಲಿ, ಉತ್ತರದ ರಾಜ್ಯಗಳ ಸೈನಿಕರು ಅದನ್ನು ಸುಟ್ಟರು. ನಿಂತಿದ್ದ ಗೋಡೆಗಳು 1886ರ ಭೂಕಂಪದಲ್ಲಿ ಉರುಳಿದವು. ಈಗ ತೋರಿಸುವುದು ಪಕ್ಕದ ಒಂದು ಕಟ್ಟಡವನ್ನು. ಅದಕ್ಕೆ ಬೇರೆ ಟಿಕೆಟ್, ಹೊತ್ತಿಲ್ಲದವರು ಬಿಡಬಹುದು. ತೋಟದ ಸಮಾಧಿಗೆ ನಾನು ಹೆನ್ರಿಯದೆಂದುಕೊಂಡೇ ಕೈಮುಗಿದೆ. ಅದು ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಮಗ ಆರ್ಥರ್‌ನದು. ಅಪ್ಪನನ್ನು ಹೂಳಿದ್ದು ಗೂಸ್ ಕ್ರೀಕ್‌ನ ಚರ್ಚಿನಲ್ಲಿ.

ನದಿಯತ್ತ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಹುಲ್ಲಿನ ದಿಬ್ಬಗಳೂ ಚಿಟ್ಟೆಯ ರೆಕ್ಕೆಯಾಕಾರದ ಜೋಡಿ ಕೊಳಗಳೂ ಚೆನ್ನಾಗಿವೆ. ಅಜೇಲಿಯಾ ಅರಳುವ ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಎಲ್ಲರೂ ಹೋಗುತ್ತಾರೆ. ಜನಜಂಗುಳಿ ಆಗದ ನನ್ನಂಥವರು ಕಮೀಲಿಯಾ ಹೂವಿರುವ ಫೆಬ್ರವರಿಯನ್ನೇ ಆರಿಸಿಕೊಳ್ಳಿ. ಬೇಸಿಗೆಯಂತೂ ಬೇಡ. ಜ್ವರಕ್ಕೆ ಹೆದರಿ ಆ ಕಾಲದ ಧಣಿಗಳೇ ಬೇಸಿಗೆಯಲ್ಲಿ ನಗರ ಸೇರುತ್ತಿದ್ದರು. ಸೊಳ್ಳೆಗಳ ನಡುವೆ ಕೆಸರಿನಲ್ಲಿ ಉಳಿಯುತ್ತಿದ್ದವರು ಗುಲಾಮರು.

ನಿಜವಾಗಿ ನೋಡಬೇಕಾದದ್ದು ಭತ್ತದ ಕುರುಹುಗಳನ್ನು. ಉಬ್ಬರದ ಹೊತ್ತಿಗೆ ಏರುವ ನದಿಯ ಸಿಹಿನೀರನ್ನು ಮರದ ತೂಬಿನಿಂದ ಗದ್ದೆಗೆ ಬಿಟ್ಟು, ಇಳಿತದಲ್ಲಿ ಹೊರಹರಿಸುವುದು ಈ ಸೀಮೆಯ ಪದ್ಧತಿಯಾಗಿತ್ತು. ಭತ್ತದ ಕೃಷಿ ಬಲ್ಲ ಪಶ್ಚಿಮ ಆಫ್ರಿಕಾದ ಜನರನ್ನೇ ಹಿಡಿದು ತಂದು ಮಾರಿದ್ದರಿಂದ, ದುಡಿಮೆಯಷ್ಟೇ ಅಲ್ಲ, ಆ ವಿದ್ಯೆಯೂ ಬಹುಪಾಲು ಅವರದೇ. ಮರದ ದಿಮ್ಮಿ ಕೊರೆದ ಒರಳು, ನಡುವೆ ಹಿಡಿ ಸವೆದ ಒನಕೆ, ಹುಲ್ಲಿನಲ್ಲಿ ಹೆಣೆದ ದುಂಡು ಮೊರ ಕಂಡಾಗ ನಮ್ಮತ್ತೆ ಎರಡು ನಿಮಿಷ ಅಲ್ಲಿಂದ ಕದಲಲಿಲ್ಲ. ಎಲಿಜಾಳ ಮನೆ ಎಂಬ ಮರದ ಗುಡಿಸಲಿನಲ್ಲಿ ಈ ಕುಟುಂಬದ ಗುಲಾಮರ ಹೆಸರುಗಳ ಪಟ್ಟಿಯಿದೆ. ಕೆಲವರ ಹೆಸರಿನ ಮುಂದೆ ಬೆಲೆಯೂ ಇದೆ. ಅದಕ್ಕೆ ಅರ್ಧ ಗಂಟೆ ಮೀಸಲಿಡಿ.

ಊಟಕ್ಕೆ ದೊಡ್ಡ ಹೋಟೆಲುಗಳನ್ನು ನಂಬಬೇಡಿ, ಅಲ್ಲಿ ಹುರುಳಿಕಾಯಿ ಪಲ್ಯಕ್ಕೂ ಹಂದಿಮಾಂಸ ಬೆರೆಸುವುದುಂಟು. ದಾರಿಬದಿಯ ಗಾಡಿಯಲ್ಲಿ ಉಪ್ಪುನೀರಿನಲ್ಲಿ ಬೇಯಿಸಿದ ಬಿಸಿ ಕಡಲೆಕಾಯಿ ಸಿಗುತ್ತದೆ; ಸಿಪ್ಪೆ ಹಿಚುಕಿದರೆ ರಸ ಮೊಣಕೈವರೆಗೆ ಇಳಿಯುತ್ತದೆ, ಒಳಗಿನ ಬೀಜ ಬಾಯಲ್ಲಿ ಕರಗುತ್ತದೆ, ಬಸವನಗುಡಿಯ ಪರಿಷೆಯದಕ್ಕಿಂತ ಮೆತ್ತಗೆ. ಟ್ಯಾಕ್ಸಿಗೆ ಕಾದ ಆ ಮುಕ್ಕಾಲು ಗಂಟೆಯಲ್ಲಿ ನಾಲ್ವರು ಎರಡು ಪೊಟ್ಟಣ ಖಾಲಿ ಮಾಡಿದೆವು. ಬರೀ ಉಪ್ಪಿನದನ್ನೇ ಕೇಳಿ ಕೊಳ್ಳಿ; ಮಾಂಸದ ತುಂಡು ಹಾಕಿ ಬೇಯಿಸಿದ್ದೂ ಪಕ್ಕದ ಪಾತ್ರೆಯಲ್ಲೇ ಇರುತ್ತದೆ.