ಐವತ್ತರ ಗೆಳೆಯರೆಲ್ಲ ಸೇರಿ ಕುದುರೆಮುಖ ಹತ್ತಬಹುದೇ?

ಮಳೆಗಾಲ ಮುಗಿಯುತ್ತ ಬಂದಂತೆ ಈ ಪ್ರಶ್ನೆ ಶುರುವಾಗುತ್ತದೆ. ಕಾಲೇಜಿನಲ್ಲಿ ಜೊತೆಗಿದ್ದ ಆರೇಳು ಮಂದಿ ಮತ್ತೆ ಒಂದಾಗಿದ್ದಾರೆ. ಎಲ್ಲರಿಗೂ ಐವತ್ತರ ಆಸುಪಾಸು, ಒಬ್ಬರಿಗೆ ಬಿಪಿ, ಇನ್ನೊಬ್ಬರಿಗೆ ಶುಗರ್. ಒಂದೇ ದಿನದಲ್ಲಿ ಕುದುರೆಮುಖ ಹತ್ತಿ ಇಳಿಯಬೇಕೆಂಬ ಆಸೆ. ಆಗುತ್ತದಾ?

ಆಗುತ್ತದೆ. ಎರಡು ತಿಂಗಳು ಮೊದಲೇ ತಯಾರಿ ಶುರುವಾಗಬೇಕು, ಹತ್ತುವುದಕ್ಕಿಂತ ಇಳಿಯುವುದೇ ದೊಡ್ಡ ಕೆಲಸ ಅನ್ನುವುದನ್ನು ಎಲ್ಲರೂ ಒಪ್ಪಿಕೊಂಡಿರಬೇಕು. ಅಷ್ಟಾದರೆ ಹೋಗಿ.

ಶಿಖರದ ಎತ್ತರ 1,894 ಮೀಟರ್. ಬೆಟ್ಟದ ಬುಡದ ಹಳ್ಳಿ ಮುಳ್ಳೋಡಿಯಿಂದ ಹೋಗಿ ಬರಲು ಹೆಚ್ಚುಕಡಿಮೆ 18ರಿಂದ 20 ಕಿಲೋಮೀಟರ್ ನಡಿಗೆ. ಮುಳ್ಳೋಡಿಯವರೆಗಿನ ದಾರಿ ನಮ್ಮ ಕಾರುಗಳಿಗೆ ಹೇಳಿದ್ದಲ್ಲ, ಜೀಪೇ ಗತಿ. ಇದು 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಾಡು. ಆದ್ದರಿಂದ ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಆನ್‌ಲೈನ್‌ನಲ್ಲಿ ಮುಂಚೆಯೇ ಮಾಡಿಸಬೇಕು, ಗೈಡ್ ಜೊತೆಗಿರಬೇಕು. ಮೇಲೆ ಟೆಂಟ್ ಹಾಕುವಂತಿಲ್ಲ, ಕತ್ತಲಾಗುವುದರೊಳಗೆ ಕೆಳಗಿರಬೇಕು. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯವಿರುವುದರಿಂದ ದಾರಿ ಮುಚ್ಚುತ್ತಾರೆ. ಮೊದಲ ಸಲ ಹೋಗುವ ಈ ವಯಸ್ಸಿನವರಿಗೆ ನವೆಂಬರ್‌ನಿಂದ ಜನವರಿ ಒಳ್ಳೆಯದು. ಜುಲೈ ತಿಂಗಳ ಹಸಿರು ನೋಡಲು ಚೆಂದ, ನಿಜ. ಆದರೆ ಹಳ್ಳಗಳು ಏರಿರುತ್ತವೆ, ಇಳಿಜಾರಿನ ಮಣ್ಣು ಸೋಪಿನಂತಾಗಿರುತ್ತದೆ.

ಸಮಯದ ಲೆಕ್ಕವನ್ನು ಸಂಜೆಯಿಂದ ಹಿಂದಕ್ಕೆ ಹಾಕಿ. ಸಂಜೆ ಐದಕ್ಕೆ ಮುಳ್ಳೋಡಿಯಲ್ಲಿರಬೇಕು. ಇಳಿಯಲು ನಾಲ್ಕು ಗಂಟೆ, ನಡುವೆ ಯಾರದಾದರೂ ಕಾಲು ಹಿಡಿದುಕೊಂಡರೆ ಅರ್ಧ ಗಂಟೆ. ಅಂದರೆ ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಬೇಕು. ಗಂಟೆಗೆ ಎರಡು ಕಿಲೋಮೀಟರ್‌ನಂತೆ ಹತ್ತಲು ಐದು ಗಂಟೆ ಹಿಡಿಯುತ್ತದೆ, ತಿಂಡಿ ಮತ್ತು ವಿಶ್ರಾಂತಿಗೆ ಮುಕ್ಕಾಲು ಗಂಟೆ. ಹಾಗಾಗಿ ಆರೂವರೆ, ತಪ್ಪಿದರೆ ಆರೂಮುಕ್ಕಾಲರೊಳಗೆ ಹೊರಡಬೇಕು. ಹನ್ನೆರಡೂವರೆಗೆ ತಿರುಗುತ್ತೇವೆ ಎಂಬ ಮಾತನ್ನು ಹಿಂದಿನ ರಾತ್ರಿ ಊಟಕ್ಕೆ ಕೂತಾಗಲೇ ಆಡಿಬಿಡಿ. ಶಿಖರ ಕಣ್ಣೆದುರು ಕಾಣುತ್ತಿರುವಾಗ ‘ಇನ್ನು ಅರ್ಧ ಗಂಟೆ ಅಷ್ಟೇ’ ಅನ್ನುವವರು ಇದ್ದೇ ಇರುತ್ತಾರೆ. ಆಗ ಹೊಸದಾಗಿ ತೀರ್ಮಾನ ಮಾಡಲು ಆಗುವುದಿಲ್ಲ.

ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ, ಕಳಸದಲ್ಲಿ ಇಳಿದು, ಮುಖ ತೊಳೆದು ಬೆಟ್ಟ ಹತ್ತುವ ಕ್ರಮ ಇಪ್ಪತ್ತೈದರ ಹುಡುಗರಿಗೆ ಸರಿ. ನೀವು ಹಿಂದಿನ ಮಧ್ಯಾಹ್ನವೇ ಬಂದು ಮುಳ್ಳೋಡಿಯ ಹೋಮ್‌ಸ್ಟೇಯಲ್ಲಿ ಮಲಗಿ. ಇಷ್ಟು ವರ್ಷದ ಮೇಲೆ ಸೇರಿದವರಿಗೆ ಮಾತು ಮುಗಿಯುವುದಿಲ್ಲ, ಆದರೂ ಹತ್ತು ಗಂಟೆಗೆ ದೀಪ ಆರಿಸಿ. ಆ ರಾತ್ರಿ ಗುಂಡು ಬೇಡ. ಕುಡಿದು ಮಲಗಿದವರ ದೇಹ ಬೆಳಿಗ್ಗೆ ನೀರು ಕಡಿಮೆಯಾಗಿಯೇ ಏಳುತ್ತದೆ.

ಇನ್ನು ಮಂಡಿಯ ವಿಚಾರ. ಹತ್ತುವಾಗ ಎದೆ ಏದುಸಿರು ಬಿಡುತ್ತದೆ, ನಿಂತರೆ ಎರಡು ನಿಮಿಷದಲ್ಲಿ ಸರಿಹೋಗುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಇಡೀ ದೇಹದ ಭಾರವನ್ನು ತಡೆಹಿಡಿಯಬೇಕು. ಈ ಕೆಲಸದಲ್ಲಿ ಸ್ನಾಯು ಬೇಗ ಸೋಲುತ್ತದೆ. ಸೋತ ಮೇಲೆ ಪ್ರತಿ ಹೆಜ್ಜೆಯ ಹೊಡೆತ ನೇರ ಮಂಡಿಗೆ, ಕಾಲು ನಡುಗುತ್ತದೆ, ಉರುಟು ಕಲ್ಲಿನ ಮೇಲೆ ಪಾದ ಹೊರಳುತ್ತದೆ. ದಿನಾ ಪಾರ್ಕಿನಲ್ಲಿ ಐದು ಕಿಲೋಮೀಟರ್ ನಡೆಯುವವರು ಕೂಡ ಇಲ್ಲಿ ಸೋಲುವುದು ಇದಕ್ಕೇ. ಸಪಾಟು ನೆಲದಲ್ಲಿ ಆ ಸ್ನಾಯುವಿಗೆ ಅಭ್ಯಾಸವೇ ಆಗಿರುವುದಿಲ್ಲ. ಎಂಟು ವಾರ, ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ ಇಳಿಯಿರಿ. ಹತ್ತು ಮಹಡಿಯಿಂದ ಶುರುಮಾಡಿ ನಿಧಾನವಾಗಿ ನಲವತ್ತಕ್ಕೆ ತನ್ನಿ. ಹತ್ತಿದ ಮೇಲೆ ಲಿಫ್ಟಿನಲ್ಲಿ ಇಳಿದರೆ ಅಭ್ಯಾಸದ ಮುಖ್ಯ ಭಾಗವೇ ತಪ್ಪಿದ ಹಾಗೆ. ಕೊನೆಯ ಮೂರು ವಾರ ಬೆನ್ನಿಗೆ ಐದು ಕಿಲೋ ಭಾರವಿರಲಿ. ಬೆಟ್ಟದಲ್ಲಿ ಕೋಲು ಹಿಡಿಯಲು ನಾಚಿಕೆ ಬೇಡ. ನೆಲಕ್ಕೂರಿದಾಗ ಮೊಣಕೈ ಲಂಬಕೋನಕ್ಕೆ ಬರುವಷ್ಟು ಉದ್ದ ಹತ್ತಲು ಸಾಕು. ಇಳಿಯುವಾಗ ಐದರಿಂದ ಹತ್ತು ಸೆಂಟಿಮೀಟರ್ ಉದ್ದ ಮಾಡಿಕೊಳ್ಳಿ, ಕೋಲು ಮೊದಲು ಊರಿ, ಆಮೇಲೆ ಕಾಲಿಡಿ.

ಶೂ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಹತ್ತು ವರ್ಷದ ಹಿಂದೆ ಕೊಂಡ ಒಳ್ಳೆಯ ಟ್ರೆಕಿಂಗ್ ಶೂ ಅಟ್ಟದ ಮೇಲಿರುತ್ತದೆ. ನಾಲ್ಕೇ ಸಲ ಹಾಕಿದ್ದು, ಹೊಸದರಂತಿದೆ ಎಂದು ತೆಗೆದು ಒರೆಸಿ ತರುತ್ತಾರೆ. ಎರಡನೇ ಹಳ್ಳ ದಾಟುವಷ್ಟರಲ್ಲಿ ಹಿಮ್ಮಡಿಯ ಕಡೆಯಿಂದ ಸೋಲ್ ಬಾಯಿ ಬಿಡುತ್ತದೆ, ಆಮೇಲೆ ಪೂರ್ತಿ ಕಳಚುತ್ತದೆ. ಅಂಟಿನ ದೋಷ ಎಂದುಕೊಳ್ಳುತ್ತಾರೆ, ಆದರೆ ಬಹಳ ಸಲ ಹಾಳಾಗಿರುವುದು ಸೋಲ್ ನಡುವಿನ ಪಾಲಿಯುರೆಥೇನ್ ಪದರ. ಗಾಳಿಯ ತೇವಕ್ಕೆ ಅದು ವರ್ಷಗಟ್ಟಲೆ ನಿಧಾನವಾಗಿ ಒಡೆಯುತ್ತಿರುತ್ತದೆ, ಹಾಕದೆ ಇಟ್ಟ ಶೂನಲ್ಲೂ. ಹೆಬ್ಬೆರಳಿನಿಂದ ಆ ಪದರವನ್ನು ಬಲವಾಗಿ ಒತ್ತಿ ನೋಡಿ. ಬಿರುಕು ಬಿಟ್ಟರೆ ಅಥವಾ ರಸ್ಕಿನಂತೆ ಪುಡಿ ಉದುರಿದರೆ ಆ ಶೂ ಬೇಡ. ಹೊಸದು ಕೊಳ್ಳುವುದಾದರೆ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳ ಮುಂದೆ ಹೆಬ್ಬೆರಳಗಲ ಜಾಗ ಬೇಕು, ಇಲ್ಲದಿದ್ದರೆ ಇಳಿಯುವಾಗ ಉಗುರು ಗುದ್ದಿ ಗುದ್ದಿ ಕಪ್ಪಾಗುತ್ತದೆ. ಹೊರಡುವ ಎರಡು ದಿನ ಮೊದಲು ಉಗುರು ಕತ್ತರಿಸಿ. ಶಿಖರದಲ್ಲಿ ಲೇಸ್ ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ತಳ್ಳಿ, ಪಾದದ ಕೀಲಿನ ಹತ್ತಿರ ಬಿಗಿಯಾಗಿ ಕಟ್ಟಿಕೊಂಡೇ ಇಳಿಯಲು ಶುರುಮಾಡಿ. ಒಬ್ಬರ ಚೀಲದಲ್ಲಾದರೂ ಮೂರು ಮಾರು ಗಟ್ಟಿ ದಾರ ಇರಲಿ, ಕಳಚಿದ ಸೋಲನ್ನು ಸುತ್ತಿ ಕಟ್ಟಲು.

ಮಳೆ ನಿಂತರೂ ಒದ್ದೆ ಕಾಡಿನ ಭಾಗದಲ್ಲಿ ಉಂಬಳ (ಜಿಗಣೆ) ಇರುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಚೀಲದ ಮೇಲೆ ಸುಣ್ಣ ಬೆರೆಸಿದ ಹೊಗೆಸೊಪ್ಪಿನ ನೀರು ಸವರಿ. ಕಚ್ಚಿದ ಉಂಬಳದ ಮೇಲೆ ಉಪ್ಪು ಸುರಿಯುವುದು ಸಾಮಾನ್ಯ ರೂಢಿ, ಆದರೆ ಅದು ಹೊಟ್ಟೆಯೊಳಗಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಉಗುರನ್ನು ಚರ್ಮಕ್ಕೆ ತಾಗಿಸಿ ಅದರ ಬಾಯಿಯ ಕಡೆ ಒತ್ತಿ ಸರಿಸಿದರೆ ಹಿಡಿತ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರ ಜೊಲ್ಲಿನಲ್ಲಿದೆ, ಆದ್ದರಿಂದ ತೆಗೆದ ಮೇಲೂ ಗಾಯ ಜಿನುಗುತ್ತದೆ. ಹೃದಯಕ್ಕೆಂದು ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಬೇರೆ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು ಹೊತ್ತು. ಹತ್ತಿ ಇಟ್ಟು ಹತ್ತು ನಿಮಿಷ ಒತ್ತಿ ಹಿಡಿದು ಪಟ್ಟಿ ಕಟ್ಟಿ.

ಔಷಧಿಯ ಮಾತು ಬಂತು. ಬಿಪಿ, ಶುಗರ್, ಹೃದಯದ ತೊಂದರೆ ಇರುವವರು ತಿಂಗಳು ಮೊದಲೇ ವೈದ್ಯರಿಗೆ ‘ದಿನವಿಡೀ ಬೆಟ್ಟ ಹತ್ತುತ್ತೇನೆ’ ಎಂದೇ ಹೇಳಿ ಕೇಳಬೇಕು. ಶುಗರ್ ಮಾತ್ರೆ, ಇನ್ಸುಲಿನ್ ಎಂದಿನಂತೆ ತೆಗೆದುಕೊಂಡು ಐದು ಗಂಟೆ ಹತ್ತಿದರೆ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ಸುಮ್ಮನೆ ರೇಗುವುದು ಅದರ ಗುರುತು. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಕೂರಿಸಿ. ಎದೆ ಬಿಗಿತ, ದವಡೆಗೋ ತೋಳಿಗೋ ಹರಡುವ ನೋವು, ಕೂತರೂ ಇಳಿಯದ ಏದುಸಿರು ಕಂಡರೆ ಅವರನ್ನು ಇನ್ನೊಂದು ಹೆಜ್ಜೆಯೂ ಮೇಲಕ್ಕೆ ನಡೆಸಬೇಡಿ. ದಾರಿಯುದ್ದಕ್ಕೂ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ, ತಕ್ಷಣ ಗೈಡಿಗೆ ತಿಳಿಸಿ ಕೆಳಗಿನಿಂದ ಜನ ಕರೆಸಬೇಕು.

ಊಟ ನೀರು ಸುಲಭ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ನಡೆಯುತ್ತದೆ, ತೆಂಗಿನಕಾಯಿ ಹಾಕಿದ್ದು ಬೇಡ, ಮಧ್ಯಾಹ್ನಕ್ಕೆ ಹಳಸುತ್ತದೆ. ತಲಾ ಮೂರು ಲೀಟರ್ ನೀರಿನ ಲೆಕ್ಕವಿರಲಿ. ಮೇಲಿನ ಬೋಳು ಏಣಿನಲ್ಲಿ ನೀರಿಲ್ಲ, ಕೊನೆಯ ಹಳ್ಳದಲ್ಲಿ ಎಲ್ಲರ ಬಾಟಲಿ ತುಂಬಲೇಬೇಕು. ಓಆರ್‌ಎಸ್ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಹಳೆ ಗೆಳೆಯರ ಗುಂಪು ಕೆಡುವ ಒಂದು ಬಗೆ ಇದೆ, ಅದು ದೇಹಕ್ಕೆ ಸಂಬಂಧಿಸಿದ್ದಲ್ಲ. ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದವರು ಈಗಲೂ ಮುಂದೆಯೇ ನಡೆಯುತ್ತಾರೆ, ಸುಸ್ತಾದವರು ಸುಸ್ತು ಎಂದು ಬಾಯಿಬಿಟ್ಟು ಹೇಳುವುದಿಲ್ಲ. ದಾರಿಯಲ್ಲಿ ಎಲ್ಲರೂ ನಿಲ್ಲುವ ಒಂಟಿಮರದ ಹತ್ತಿರ ನೋಡಿದರೆ ಗೊತ್ತಾಗುತ್ತದೆ. ಮುಂದಿದ್ದವರು ಹತ್ತು ನಿಮಿಷ ಕೂತು, ಕಿತ್ತಳೆ ಸುಲಿದು ತಿಂದು, ಕೊನೆಯವರು ಬೆವರೊರೆಸುತ್ತ ಬಂದು ನಿಂತ ಕೂಡಲೇ ‘ಬಂದ್ಯಾ ಮಾರಾಯ, ಹೊರಡೋಣ’ ಎಂದು ಎದ್ದುಬಿಡುತ್ತಾರೆ. ಹೆಚ್ಚು ವಿಶ್ರಾಂತಿ ಬೇಕಾದವರಿಗೆ ವಿಶ್ರಾಂತಿಯೇ ಸಿಗುವುದಿಲ್ಲ. ಕೊನೆಯವರು ಬಂದು ಕೂತ ಮೇಲೆ ಐದು ನಿಮಿಷ ಎಣಿಸಿ. ನಿಧಾನಿಗಳನ್ನು ಸಾಲಿನ ಎರಡನೆಯವರಾಗಿ ನಡೆಸಿ, ಮೊದಲನೆಯವರು ಅವರೊಡನೆ ಮಾತಾಡುತ್ತ ಹೋಗಲಿ. ಮಾತು ತುಂಡಾಗದಷ್ಟೇ ವೇಗ ಸಾಕು. ಹುಲ್ಲುಗಾವಲಿನಲ್ಲಿ ಮಂಜು ಮುಸುಕಿದರೆ ಇಪ್ಪತ್ತು ಹೆಜ್ಜೆ ಮುಂದಿನವರೂ ಕಾಣುವುದಿಲ್ಲ, ಕಾಟಿಗಳ (ಕಾಡುಕೋಣಗಳ) ಕಾಲುದಾರಿಯೇ ನಿಮ್ಮ ದಾರಿಯಂತೆ ಕಾಣುತ್ತದೆ. ಹಾಗಾಗಿ ಕವಲಿನಲ್ಲಿ ಎಲ್ಲರೂ ಸೇರುವವರೆಗೆ ನಿಲ್ಲಿ.

ಆರಕ್ಕಿಂತ ಹೆಚ್ಚು ಮಂದಿ ಇದ್ದರೆ ಇಬ್ಬರು ಗೈಡ್‌ಗಳನ್ನು ಕೇಳಿ. ಒಬ್ಬರೇ ಇದ್ದರೆ, ಅರ್ಧದಲ್ಲಿ ತಿರುಗಬೇಕಾದವರು ಮನಸ್ಸಿಲ್ಲದೆಯೂ ಮುಂದೆ ನಡೆಯಬೇಕಾಗುತ್ತದೆ. ಇಬ್ಬರಿದ್ದರೆ ಒಬ್ಬ ಗೈಡ್, ಒಬ್ಬ ಗೆಳೆಯ ಜೊತೆಯಾಗಿ ಅವರನ್ನು ನಿಧಾನವಾಗಿ ಇಳಿಸಬಹುದು. ಆ ಗೆಳೆಯ ಯಾರು ಎಂಬುದನ್ನೂ ಹಿಂದಿನ ರಾತ್ರಿಯೇ ಗೊತ್ತುಮಾಡಿ.

ಕೆಳಗೆ ಬಂದ ಕೂಡಲೇ ಶೂ ಬಿಚ್ಚಿ, ಬೆರಳ ಸಂದಿ, ಮಂಡಿಯ ಹಿಂಭಾಗದಲ್ಲಿ ಉಂಬಳ ಇದೆಯೇ ಎಂದು ನೋಡಿಕೊಳ್ಳಿ. ಒಣಗಿದ ಬಟ್ಟೆ ಹಾಕಿ, ಉಪ್ಪು ಹಾಕಿದ ಬಿಸಿ ಗಂಜಿಯೋ ಸಾರನ್ನವೋ ಉಣ್ಣಿ. ತೊಡೆಯ ನೋವು ಮಾರನೆಯ ದಿನ ಶುರುವಾಗಿ ಅದರ ಮರುದಿನ ಜೋರಾಗುತ್ತದೆ, ಮೂರ್ನಾಲ್ಕು ದಿನಕ್ಕೆ ಹೋಗುತ್ತದೆ. ಅಂದು ರಾತ್ರಿಯೇ ಕಾರು ಓಡಿಸಿಕೊಂಡು ಹೊರಡಬೇಡಿ. ಹತ್ತೂವರೆ ಗಂಟೆ ಕಾಲ ಬೆಟ್ಟದಲ್ಲಿದ್ದು ಬಂದವರಿಗೆ ಘಾಟಿಯ ತಿರುವಿನಲ್ಲಿ ಕಣ್ಣು ಎಳೆಯುತ್ತದೆ. ಹೋಮ್‌ಸ್ಟೇಯನ್ನು ಎರಡು ರಾತ್ರಿಗೆ ಹಿಡಿದಿಡಿ.