ಕಣ್ಣೂರಿನಲ್ಲಿ ಇಳಿದು ಮಡಿಕೇರಿ ಕೋಟೆಗೆ

ಕೊಡಗಿನಲ್ಲಿ ವಿಮಾನ ನಿಲ್ದಾಣವೂ ಇಲ್ಲ, ರೈಲೂ ಇಲ್ಲ. ಬೆಂಗಳೂರಿನಲ್ಲಿ ಇಳಿದರೆ ಅರ್ಧ ದಿನ ರಸ್ತೆಯಲ್ಲೇ ಕಳೆಯುತ್ತದೆ. ಮಂಗಳೂರಿನಿಂದಾದರೆ ಪುತ್ತೂರು, ಸುಳ್ಯ, ಸಂಪಾಜೆ ದಾಟಿ ಸುಮಾರು 140 ಕಿ.ಮೀ. ಎಲ್ಲಕ್ಕಿಂತ ಹತ್ತಿರ ಕೇರಳದ ಕಣ್ಣೂರು, ಮಡಿಕೇರಿಗೆ ಸುಮಾರು 90 ಕಿ.ಮೀ. 2018ರ ಡಿಸೆಂಬರ್‌ನಲ್ಲಿ ಶುರುವಾದ ಈ ನಿಲ್ದಾಣ ಇರುವುದು ಕಣ್ಣೂರು ಪೇಟೆಯಲ್ಲಲ್ಲ, ಮಟ್ಟನ್ನೂರಿನ ಹತ್ತಿರ. ನಮಗೆ ಅದೇ ಅನುಕೂಲ, ಕೊಡಗಿನ ದಾರಿಗೇ ಇಳಿದಂತೆ.

ಅಮ್ಮನ ಜೊತೆ ಹೋಗಿದ್ದರಿಂದ ನಾನು ಟ್ಯಾಕ್ಸಿ ಹಿಡಿದೆ. ಬಾಡಿಗೆ ಮೊದಲೇ ಮಾತಾಡಿದ್ದೆ. ಆದರೂ ಗಡಿ ಹತ್ತಿರ ಬಂದಾಗ ಪರ್ಮಿಟ್ ದುಡ್ಡು ಬೇರೆ ಕೊಡಿ ಅಂತ ಚಾಲಕ ಪಟ್ಟು ಹಿಡಿದ. ಕಾಡಿನ ಬಾಗಿಲಲ್ಲಿ ನಿಂತು ಜಗಳ ಆಡೋಕಾಗುತ್ತಾ? ಕೊಟ್ಟೆ. ನೀವು ಹತ್ತುವ ಮುಂಚೆಯೇ ಕೇಳಿಬಿಡಿ: ಕರ್ನಾಟಕದ ಪರ್ಮಿಟ್ ಸೇರಿ ಎಷ್ಟು?

ಬಸ್ಸಿನಲ್ಲೂ ಬರಬಹುದು. ಮಟ್ಟನ್ನೂರಿಗೆ ಆಟೋ, ಅಲ್ಲಿಂದ ಇರಿಟ್ಟಿ, ಆಮೇಲೆ ವಿರಾಜಪೇಟೆ. ಒಂದು ವಿಷಯ ಮರೀಬೇಡಿ. ಈ ದಾರಿಯ ಮೈಸೂರು, ಬೆಂಗಳೂರು ಬಸ್ಸುಗಳು ವಿರಾಜಪೇಟೆಯಿಂದ ಗೋಣಿಕೊಪ್ಪದ ಕಡೆ ತಿರುಗುತ್ತವೆ, ಮಡಿಕೇರಿಗೆ ಬರೋದಿಲ್ಲ. ವಿರಾಜಪೇಟೆಯಲ್ಲೇ ಇಳಿದು ಬೇರೆ ಬಸ್ ಹತ್ತಿ. ಬೇತ್ರಿಯಲ್ಲಿ ಕಾವೇರಿ ದಾಟಿ ಮೂರ್ನಾಡು ಮೇಲೆ ಹೋಗುತ್ತದೆ.

ಗಡಿಯ ಕೂಟುಪುಳ ಸೇತುವೆ ದಾಟಿದರೆ ಮಾಕುಟ್ಟ. ಅಲ್ಲಿಂದ ಪೆರುಂಬಾಡಿವರೆಗೆ ಬರೀ ಕಾಡು, ತಿರುವಿನ ಮೇಲೆ ತಿರುವು. ಮೊಬೈಲ್ ಸಿಗ್ನಲ್ ಹೋಗುತ್ತದೆ. ಉಳಿದುಕೊಳ್ಳುವ ಮನೆಯವರಿಗೆ ಇರಿಟ್ಟಿಯಿಂದಲೇ ಫೋನ್ ಮಾಡಿ. ವಾಂತಿ ಬರುವವರು ಅಲ್ಲೇ ಹೊಟ್ಟೆ ತುಂಬ ತಿನ್ನಬೇಡಿ. ಅಮ್ಮನಿಗೋಸ್ಕರ ಎರಡು ಸಲ ಗಾಡಿ ನಿಲ್ಲಿಸಬೇಕಾಯಿತು. ಎರಡನೇ ಸಲ ಇಳಿದಾಗ ಮಾತ್ರ ಅವರು ಆ ತಂಪು ಗಾಳಿಗೆ ಮುಖ ಒಡ್ಡಿ ಸುಮ್ನೆ ನಿಂತುಬಿಟ್ಟರು. ಆನೆ ಓಡಾಡುವ ಜಾಗ, ಜಾಸ್ತಿ ಹೊತ್ತು ನಿಲ್ಲಬಾರದು. ಹಾಗಾಗಿ ಬೆಳಗಿನ ವಿಮಾನವನ್ನೇ ಹಿಡಿಯಿರಿ, ಘಾಟಿಯನ್ನು ಹಗಲಲ್ಲೇ ಹತ್ತಿ. ಜೋರು ಮಳೆಗಾಲದಲ್ಲಿ ಇಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದೂ ಇದೆ. ಜೂನ್‌ನಿಂದ ಆಗಸ್ಟ್‌ವರೆಗೆ ಬರುವವರು ಹಿಂದಿನ ದಿನವೇ ವಿಚಾರಿಸಿ. ನಾನಾದರೆ ಆಗ ಮಂಗಳೂರಿನ ಟಿಕೆಟ್ ಕೂಡ ನೋಡಿಟ್ಟುಕೊಳ್ಳುತ್ತೇನೆ.

ಮಡಿಕೇರಿಯ ಬಸ್ ನಿಲ್ದಾಣದಿಂದ ಕೋಟೆಗೆ ನಡೆದೇ ಹೋಗಬಹುದು, ಸ್ವಲ್ಪ ಏರು ಅಷ್ಟೇ. ಕೊಡಗನ್ನು ಆಳಿದ ಹಾಲೇರಿ ವಂಶದ ಅರಸ ಮುದ್ದುರಾಜ ಕಟ್ಟಿಸಿದ್ದು ಮಣ್ಣಿನ ಕೋಟೆ. ಕಲ್ಲಿನಲ್ಲಿ ಮತ್ತೆ ಕಟ್ಟಿಸಿದವನು ಟಿಪ್ಪು. ಈಗ ಕಾಣುವ ಅರಮನೆ 1812ರಿಂದ 1814ರೊಳಗೆ ಅದೇ ವಂಶದ ಲಿಂಗರಾಜೇಂದ್ರ ಹೊಸದಾಗಿ ಮಾಡಿಸಿದ್ದು. ಒಳಗಿನ ಹಳೇ ಚರ್ಚ್ ಇವತ್ತು ಮ್ಯೂಸಿಯಂ, ಸೋಮವಾರ ರಜೆ. ಅಂಗಳದ ಮೂಲೆಯಲ್ಲಿ ಗಾರೆಯ ಎರಡು ಆನೆಗಳಿವೆ, ನಿಜವಾದ ಆನೆಯಷ್ಟೇ ದೊಡ್ಡವು. ದಾರಿಯುದ್ದಕ್ಕೂ ಆನೆ ಹುಡುಕುತ್ತಾ ಬಂದ ಅಮ್ಮ ಒಂದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.