ಹುಳಿ ಬೆಳೆಯುವ ತೋಟ

ಅಕ್ಟೋಬರ್ ಬಂತೆಂದರೆ ವಿಜಯಪುರದ ತಿಕೋಟಾ ಸುತ್ತಮುತ್ತ ದ್ರಾಕ್ಷಿ ಚಾಟ್ನಿಯ, ಅಂದರೆ ಕಡ್ಡಿ ಕತ್ತರಿಸುವ ಕೆಲಸದ, ಭರಾಟೆ. ಕತ್ತರಿ ಹಿಡಿದ ಆಳುಗಳಿಗೆ ಎಲ್ಲಿಲ್ಲದ ಬೇಡಿಕೆ. ಇವತ್ತು ಬರುತ್ತೇವೆಂದವರು ನಾಳೆಯೂ ಬರುವುದಿಲ್ಲ. ಕಡ್ಡಿ ಕತ್ತರಿಸಿ, ಕಣ್ಣುಗಳಿಗೆ ಪೇಸ್ಟ್ ಹಚ್ಚಿ ಬಳ್ಳಿಯನ್ನು ಎಬ್ಬಿಸಿದರೆ ಫೆಬ್ರುವರಿ, ಮಾರ್ಚಿಗೆ ಹಣ್ಣು. ಅದೇ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಸಸೆಕ್ಸ್ ಸೀಮೆಯಲ್ಲಿ ದ್ರಾಕ್ಷಿ ಕೊಯ್ಲು. ಅಣ್ಣ ಊರಲ್ಲಿ ಕಡ್ಡಿ ಕತ್ತರಿಸಿ ಕೆಡವುತ್ತಿದ್ದ ವಾರವೇ ನಾನಿಲ್ಲಿ ಗೊಂಚಲು ಕತ್ತರಿಸಿ ಪೆಟ್ಟಿಗೆ ತುಂಬುತ್ತಿದ್ದೆ.

ಬ್ರೈಟನ್ನಿನಲ್ಲಿ ಕೆಲಸಕ್ಕಿರುವ ನನಗೆ ಈ ಅವಕಾಶ ಸಿಕ್ಕಿದ್ದು ಸಹೋದ್ಯೋಗಿಯೊಬ್ಬರ ಮೂಲಕ. ಅವರ ಪರಿಚಯದವರದೊಂದು ಸಣ್ಣ ತೋಟ. ದೊಡ್ಡ ತೋಟಗಳಲ್ಲಿ ಕೊಯ್ಲಿಗೆ ರೊಮೇನಿಯಾ, ಬಲ್ಗೇರಿಯಾಗಳಿಂದ ತಂಡಗಳು ಬರುತ್ತವೆ. ಸಣ್ಣವರು ನೆರೆಹೊರೆಯವರನ್ನೂ ಗೆಳೆಯರನ್ನೂ ಕರೆಯುತ್ತಾರೆ. ಮಧ್ಯಾಹ್ನದ ಊಟ, ಹೋಗುವಾಗ ಒಂದು ಸೀಸೆ, ಇಷ್ಟೇ ಕೂಲಿ. ಮುಯ್ಯಾಳು ಪದ್ಧತಿ ಇಲ್ಲಿಯೂ ಇದೆಯಲ್ಲ ಎಂದು ಖುಷಿಯಾಯಿತು. ವೈನಿನ ತೋಟಕ್ಕೆ ಹೋಗುತ್ತೇನೆಂದು ಅವ್ವನಿಗೆ ಹೇಳಲಿಲ್ಲ, ದ್ರಾಕ್ಷಿ ತೋಟಕ್ಕೆ ಎಂದಷ್ಟೇ ಹೇಳಿದೆ. ಸುಳ್ಳೇನಲ್ಲ.

ಸೌತ್ ಡೌನ್ಸ್ ಗುಡ್ಡಗಳ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರು. ಮಣ್ಣು ಕೆದಕಿದರೆ ಬೆಳ್ಳಗೆ; ಅದು ನಿಜವಾದ ಸೀಮೆಸುಣ್ಣದ ಕಲ್ಲು, ನಡುನಡುವೆ ಚಕಮಕಿ ಕಲ್ಲಿನ ಚೂರುಗಳು. ಇದೇ ಸುಣ್ಣದ ಪದರ ಕಡಲಿನಡಿ ಹಾಯ್ದು ಫ್ರಾನ್ಸಿನ ಶಾಂಪೇನ್ ಸೀಮೆಯವರೆಗೂ ಹೋಗುತ್ತದೆ. ತೋಟದ ಒಡತಿ ಒಂದು ಹೆಂಟೆ ಎತ್ತಿ ನನ್ನ ಕೈಗಿಟ್ಟರು. ಹಿಂದಿನ ದಿನವಷ್ಟೇ ಮಳೆ ಸುರಿದಿದ್ದರೂ ಬೂಟಿಗೆ ಕೆಸರು ಅಂಟಿರಲಿಲ್ಲ. ಹೆಚ್ಚಿನ ನೀರನ್ನು ಬಿಟ್ಟುಕೊಟ್ಟು ಬೇಕಾದಷ್ಟನ್ನು ಒಳಗೆ ಹಿಡಿದಿಡುವ ಕಲ್ಲು ಇದು. ಡ್ರಿಪ್ ಪೈಪಿಗಾಗಿ ನನ್ನ ಕಣ್ಣು ತಾನಾಗಿಯೇ ಸಾಲಿನ ಬುಡ ಹುಡುಕಿತು. ಇರಲಿಲ್ಲ. ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡವರ ನಡುವೆ ಬೆಳೆದವನಿಗೆ ಇದನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಆದರೆ ಸುಣ್ಣಕ್ಕೂ ಒಂದು ಕಾಟವಿದೆ. ಸುಣ್ಣ ಹೆಚ್ಚಿದ ಮಣ್ಣಿನಲ್ಲಿ ಬಳ್ಳಿಗೆ ಕಬ್ಬಿಣದ ಅಂಶ ಸಿಗದೆ ಎಲೆ ಹಳದಿಯಾಗುತ್ತದೆ. ಅದಕ್ಕೆ ಸುಣ್ಣ ತಾಳುವ 41ಬಿ, ಫೆರ್ಕಾಲ್ ಎಂಬ ಬೇರುಗಳ ಮೇಲೆ ಕಸಿ ಕಟ್ಟುತ್ತಾರೆ. ನಮ್ಮಲ್ಲಿ ಬರ ಮತ್ತು ಉಪ್ಪುನೀರು ತಾಳಲೆಂದು ಡಾಗ್‌ರಿಡ್ಜ್ ಬೇರಿನ ಮೇಲೆ ಕಸಿ ಕಟ್ಟುವುದಿಲ್ಲವೇ, ಹಾಗೆ.

ಕೊಯ್ಲು ಶುರುವಾದ ಅರ್ಧ ಗಂಟೆಗೆ ನಡು ಹಿಡಿಯಿತು. ನಮ್ಮಲ್ಲಿ ಚಪ್ಪರಕ್ಕೆ ಇಲ್ಲವೇ ವೈ ಆಕಾರದ ಕಂಬಕ್ಕೆ ಬಳ್ಳಿ ಹಬ್ಬಿಸುತ್ತೇವೆ. ಗೊಂಚಲು ಎದೆಯ ಮಟ್ಟಕ್ಕೆ ತೂಗುತ್ತದೆ, ಎಲೆ ಅದಕ್ಕೆ ಕೊಡೆ ಹಿಡಿಯುತ್ತದೆ. ಬಿಸಿಲು ನೇರವಾಗಿ ಬಿದ್ದರೆ ಹಣ್ಣು ಸುಟ್ಟುಹೋಗುತ್ತದಲ್ಲ. ಇಲ್ಲಿ ತಂತಿಗಳ ನಡುವೆ ಬಳ್ಳಿಯನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿ, ಗೊಂಚಲನ್ನು ಮೊಣಕಾಲಿನಿಂದ ತುಸು ಮೇಲೆ ಬಿಡುತ್ತಾರೆ. ಅದರ ಸುತ್ತಲಿನ ಎಲೆಯನ್ನು ಬೇಸಿಗೆಯಲ್ಲೇ ಕಿತ್ತು ಬಿಸಾಡಿರುತ್ತಾರೆ. ಸಿಗುವ ಒಂದಿಷ್ಟು ಬಿಸಿಲು ನೇರ ಹಣ್ಣಿಗೇ ತಾಗಲಿ, ಗಾಳಿಯಾಡಿ ತೇವ ಒಣಗಲಿ ಎಂದು. ನಾವು ಬಿಸಿಲಿನಿಂದ ಹಣ್ಣು ಮುಚ್ಚುತ್ತೇವೆ, ಇವರು ಬಿಸಿಲಿಗಾಗಿ ಬಟ್ಟೆ ಬಿಚ್ಚಿಸುತ್ತಾರೆ.

ಸಾಲಿನ ಎರಡು ಬದಿಗೆ ಒಬ್ಬೊಬ್ಬರು. ಎದುರಿನವರ ಬೆರಳು ಎಲ್ಲಿದೆಯೆಂದು ನೋಡಿಕೊಂಡೇ ಕತ್ತರಿ ಆಡಿಸಬೇಕು. ನನ್ನ ಎದುರಿದ್ದ ನಿವೃತ್ತ ಅಂಚೆ ನೌಕರರು ಪ್ರತಿ ವರ್ಷ ಬರುವವರು. ಪಿನೋ ನ್ವಾರ್ ಎಂಬ ಕಪ್ಪು ತಳಿಯ ಗೊಂಚಲನ್ನು ಅವರು ಹಿಡಿಯುವ ರೀತಿಯೇ ಬೇರೆ: ಮುಷ್ಟಿಯಷ್ಟೇ ಇರುವ, ಕಾಳಿಗೆ ಕಾಳು ಒತ್ತಿಕೊಂಡಿರುವ ಗೊಂಚಲನ್ನು ಅಂಗೈಯಲ್ಲಿ ತಿರುಗಿಸಿ, ಹಿಂಬದಿ ನೋಡಿ, ಮೂಗಿಗೆ ಹಿಡಿದು, ಆಮೇಲೆ ಪೆಟ್ಟಿಗೆಗೆ. ನಡುವೆ ಬೂದು ಬೂಷ್ಟು ಹಿಡಿದಿದ್ದರೆ ಕತ್ತರಿಯ ತುದಿಯಿಂದ ಆ ಕಾಳುಗಳನ್ನಷ್ಟೇ ಕಿತ್ತು ನೆಲಕ್ಕೆ ಬಿಡುತ್ತಾರೆ. ಬೂಷ್ಟಿನ ವಾಸನೆ ಮಾತ್ರವಿದ್ದರೆ ಬಿಡಿಸಿ ಉಳಿಸಬಹುದು, ವಿನೆಗರ್ ವಾಸನೆ ಬಂದರೆ ಇಡೀ ಗೊಂಚಲು ಕೆಳಕ್ಕೆ. ಜಿಎ ಔಷಧದಲ್ಲಿ ಅದ್ದಿ ಕಾಳನ್ನು ಉದ್ದ ಮಾಡಿಸಿದ ನಮ್ಮ ಥಾಮ್ಸನ್ ತಳಿ ನೋಡಿದ ಕಣ್ಣಿಗೆ ಈ ಗೊಂಚಲು ಬಡಕಲು. ಅಣ್ಣನಾದರೆ ಇದನ್ನು ಮಾರುಕಟ್ಟೆಗೆ ಒಯ್ಯಲು ನಾಚುತ್ತಿದ್ದ.

ಒಂದು ಕಾಳು ಬಾಯಿಗೆ ಹಾಕಿದೆ. ಮೊದಲು ಸಿಹಿಯೇ ಬಂತು, ಅದರ ಬೆನ್ನಿಗೇ ದವಡೆ ಹಿಂಡುವ ಹುಳಿ. ಒಡತಿ ಜೇಬಿನಿಂದ ಬ್ರಿಕ್ಸ್, ಅಂದರೆ ರಸದ ಸಿಹಿಯ ಅಳತೆ, ನೋಡುವ ಕೊಳವೆ ತೆಗೆದು, ಕಾಳೊಂದನ್ನು ಗಾಜಿನ ಮೇಲೆ ಹಿಂಡಿ, ಬೆಳಕಿಗೆ ಹಿಡಿದು ನನಗೆ ಕೊಟ್ಟರು. ನೀಲಿ ಗೆರೆ 18ರ ಆಸುಪಾಸು ನಿಂತಿತ್ತು. ಅವರ ಮುಖದಲ್ಲಿ ಗೆದ್ದ ಸಂಭ್ರಮ.

ಊಟದ ಹೊತ್ತಿಗೆ ವಿಡಿಯೊ ಕರೆ ಮಾಡಿ ಅಣ್ಣನಿಗೆ ತೋಟ ತೋರಿಸಿದೆ. ಅಲ್ಲಿ ಸಂಜೆ ಐದೂವರೆ. ಅವನ ಬೆನ್ನ ಹಿಂದೆ ಬೋಳು ಕಡ್ಡಿಗಳ ಸಾಲು, ಪೇಸ್ಟಿನ ಡಬ್ಬ.

“ಬ್ರಿಕ್ಸ್ ಎಷ್ಟು?”

“ಹದಿನೆಂಟು.”

“ಮತ್ತೇಕೆ ಕೊಯ್ಯುತ್ತಿದ್ದಾರೆ? ಇನ್ನೂ ಇಪ್ಪತ್ತು ದಿನ ಬಿಡಲು ಹೇಳು.”

ಅವನ ಲೆಕ್ಕದಲ್ಲಿ ಅದು ಸರಿಯೇ. ಒಣದ್ರಾಕ್ಷಿ ಮಾಡುವವನಿಗೆ 22 ದಾಟದ ಹಣ್ಣು ದಂಡ. ನಾಲ್ಕು ಕಿಲೋ ಹಾಕಿದರೆ ಒಂದು ಕಿಲೋ ಬರುವುದೂ ಕಷ್ಟ. ಈ ದೇಶದಲ್ಲಿ ಇಪ್ಪತ್ತು ದಿನ ಬಿಟ್ಟರೆ ನವೆಂಬರಿನ ಮಳೆಗೆ ಅರ್ಧ ಬೆಳೆ ಕೊಳೆತೇ ಹೋಗುತ್ತದೆ ಎಂದೆ. ಆದರೆ ನಿಜವಾದ ಕಾರಣ ಅದಲ್ಲ. ಇವರಿಗೆ ಬೇಕಾಗಿರುವುದೇ ಆ ಹುಳಿ.

ಲಂಡನ್ನು ಇರುವುದು 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಷ್ಟು ಮೇಲೆ ದ್ರಾಕ್ಷಿ ಬದುಕುವುದೇ ಅಟ್ಲಾಂಟಿಕ್ ಕಡಲಿನ ಬೆಚ್ಚನೆಯ ಪ್ರವಾಹದ ದಯದಿಂದ. ಕಡಲು ಚಳಿಗಾಲದಲ್ಲಿ ಬಳ್ಳಿಯನ್ನು ಕೊಲ್ಲಗೊಡುವುದಿಲ್ಲ, ಬೇಸಿಗೆಯಲ್ಲಿ ಕುದಿಯಗೊಡುವುದೂ ಇಲ್ಲ. ಏಪ್ರಿಲ್‌ನಲ್ಲಿ ಕಣ್ಣು ಒಡೆದು, ಜೂನ್ ಕೊನೆ ಇಲ್ಲವೇ ಜುಲೈ ಮೊದಲಿಗೆ, ವಿಂಬಲ್ಡನ್ ಟೆನಿಸ್ ನಡೆಯುವ ಹೊತ್ತಿಗೆ, ಹೂವು ಕಚ್ಚುತ್ತದೆ. ಆಮೇಲೆ ಹಣ್ಣು ನೂರು ದಿನಗಳಷ್ಟು ಕಾಲ ತೆವಳಿಕೊಂಡು ಮಾಗುತ್ತದೆ. ದ್ರಾಕ್ಷಿಯೊಳಗಿನ ಮ್ಯಾಲಿಕ್ ಆಮ್ಲವನ್ನು ಶಾಖ ತಿಂದುಹಾಕುತ್ತದೆ. ನಮ್ಮ ಬಿಸಿಲಿಗೆ ಅದು ಬೇಗನೆ ಕರಗುತ್ತದೆ. ಇಲ್ಲಿನ ತಂಪಿನಲ್ಲಿ ಕೊಯ್ಲಿನವರೆಗೂ ಉಳಿಯುತ್ತದೆ. ವೈನು ಮಾಡುವವರ ಮೊದಮೊದಲ ಪೀಳಿಗೆಗೆ ಇದೇ ತಲೆನೋವಾಗಿತ್ತು. ಹ್ಯಾಂಪ್‌ಶೈರಿನ ಹ್ಯಾಂಬಲ್ಡನ್ನಿನಲ್ಲಿ ಸೇನಾಧಿಕಾರಿ ಗೈ ಸಾಲಿಸ್ಬರಿ-ಜೋನ್ಸ್ 1952ರಲ್ಲಿ ಬಳ್ಳಿ ನೆಟ್ಟರು. ಈ ಕಾಲದ ಇಂಗ್ಲಿಷ್ ವೈನು ಉದ್ಯಮ ಶುರುವಾಗುವುದು ಅಲ್ಲಿಂದ. ಆಮೇಲೆ ಬಂದವರಲ್ಲಿ ಬಹುತೇಕರು ಬೇಗ ಮಾಗುವ ಮ್ಯೂಲರ್-ಟುರ್ಗಾವ್, ರೈಶನ್‌ಸ್ಟೈನರ್‌ನಂಥ ಜರ್ಮನ್ ತಳಿಗಳನ್ನು ಹಿಡಿದರು. ದಿಕ್ಕು ಬದಲಿಸಿದವರು ಅಮೆರಿಕದಿಂದ ಬಂದ ಸ್ಟುವರ್ಟ್ ಮತ್ತು ಸ್ಯಾಂಡಿ ಮಾಸ್ ದಂಪತಿ. 1988ರಲ್ಲಿ ಸಸೆಕ್ಸಿನ ನೈಟಿಂಬರ್‌ನಲ್ಲಿ ಶಾಂಪೇನಿನ ತಳಿಗಳನ್ನೇ, ಅಂದರೆ ಶಾರ್ಡನೇ, ಪಿನೋ ನ್ವಾರ್, ಪಿನೋ ಮನಿಯೇಗಳನ್ನು, ನೊರೆವೈನಿಗಾಗಿಯೇ ನೆಟ್ಟರು. ನೊರೆವೈನಿಗೆ ಹುಳಿ ದೋಷವಲ್ಲ, ಬಂಡವಾಳ. ಇವತ್ತು ಈ ದೇಶದ ವೈನಿನಲ್ಲಿ ಹೆಚ್ಚಿನ ಪಾಲು ನೊರೆವೈನೇ. ಶಾಂಪೇನಿನ ಟೈಟಿಂಜರ್ ಮನೆತನವೇ ಬಂದು 2017ರಲ್ಲಿ ಕೆಂಟ್ ಸೀಮೆಯಲ್ಲಿ ಬಳ್ಳಿ ನೆಟ್ಟಿದೆ.

ಊಟದ ನಂತರ ನಮ್ಮನ್ನು ಗಾಣದ ಕೋಣೆಗೆ ಕರೆದೊಯ್ದರು. ಗಾಣ ಎಂದರೆ ಮರದ್ದಲ್ಲ, ಉಕ್ಕಿನ ಪೀಪಾಯಿ. ಒಳಗೊಂದು ರಬ್ಬರಿನ ಚೀಲ ಗಾಳಿ ತುಂಬಿಕೊಂಡು ಹಣ್ಣನ್ನು ನಿಧಾನವಾಗಿ ಒತ್ತುತ್ತದೆ. ನಾವು ಕೊಯ್ದ ಕಪ್ಪು ದ್ರಾಕ್ಷಿಯನ್ನು ಕಾಂಡದ ಸಮೇತ ಸುರಿದರು. ಕಾಂಡಗಳ ಸಂದಿನಲ್ಲಿ ರಸ ಸರಾಗವಾಗಿ ಹರಿಯುತ್ತದಂತೆ. ಕೆಳಗಿನ ತಟ್ಟೆಗೆ ಇಳಿದ ರಸ ನೋಡಿ ಬಗ್ಗಿದವನು ಹಾಗೇ ನಿಂತೆ. ಕಪ್ಪು ಹಣ್ಣಿನಿಂದ ಬೆಳ್ಳನೆಯ ರಸ, ಎಲ್ಲೋ ಒಂದೆಳೆ ಗುಲಾಬಿ. ಬಣ್ಣವೆಲ್ಲ ಸಿಪ್ಪೆಯಲ್ಲಿರುವುದರಿಂದ ಬೇಗ, ಮೆಲ್ಲಗೆ ಹಿಂಡಿದರೆ ಅದು ರಸಕ್ಕೆ ಇಳಿಯುವುದೇ ಇಲ್ಲ. ಮೊದಲು ಬಂದ ರಸ ಒಂದು ತೊಟ್ಟಿಗೆ, ಕೊನೆಯ ಹಿಂಡು ಬೇರೆ ತೊಟ್ಟಿಗೆ. ಒಂದು ಲೋಟ ರಸ ಕುಡಿದೆ. ಕಾಳಿನಲ್ಲಿ ದವಡೆ ಹಿಂಡಿದ್ದ ಹುಳಿ ರಸದಲ್ಲಿ ಚೊಕ್ಕವಾಗಿತ್ತು, ಇನ್ನೊಂದು ಲೋಟ ಕೇಳಿದೆ.

ಮುಂದಿನ ಕೆಲಸವೆಲ್ಲ ತಾಳ್ಮೆಯದು. ರಸ ಹುದುಗಿ ಸುಮಾರು 10 ಪ್ರತಿಶತ ಆಲ್ಕೊಹಾಲಿನ, ಮುಖ ಸಿಂಡರಿಸುವ ವೈನಾಗುತ್ತದೆ. ಕೆಲವರು ಬ್ಯಾಕ್ಟೀರಿಯಾ ಬಿಟ್ಟು ಮ್ಯಾಲಿಕ್ ಆಮ್ಲವನ್ನು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವಾಗಿ ತಿರುಗಿಸಿ ಹುಳಿ ತಗ್ಗಿಸುತ್ತಾರೆ, ಕೆಲವರು ಮುಟ್ಟುವುದಿಲ್ಲ. ವಸಂತದಲ್ಲಿ ಅದನ್ನು ಸೀಸೆಗೆ ತುಂಬುವಾಗ ಲೀಟರಿಗೆ 24 ಗ್ರಾಂ ಆಸುಪಾಸು ಸಕ್ಕರೆ, ಜೊತೆಗೆ ಯೀಸ್ಟು ಹಾಕಿ ಬಿರಡೆ ಬಿಗಿಯುತ್ತಾರೆ. ಒಳಗೆ ಎರಡನೆಯ ಸಲ ಹುದುಗಿ ಒತ್ತಡ ಹೊರಗಿನ ಗಾಳಿಯ ಒತ್ತಡದ ಆರು ಪಟ್ಟಿನ ಹತ್ತಿರಕ್ಕೆ ಏರುತ್ತದೆ. ಸತ್ತ ಯೀಸ್ಟಿನ ಗಸಿಯ ಮೇಲೆಯೇ ಸೀಸೆಗಳು ವರ್ಷಗಟ್ಟಲೆ ಮಲಗುತ್ತವೆ. ಹುರಿದ ಬ್ರೆಡ್ಡಿನ ಪರಿಮಳ ಬರುವುದು ಆ ಗಸಿಯಿಂದ. ಕೊನೆಗೆ ಸೀಸೆಯನ್ನು ತಲೆಕೆಳಗು ಮಾಡಿ, ಕುತ್ತಿಗೆಗೆ ಇಳಿದ ಗಸಿಯನ್ನು ಹೆಪ್ಪುಗಟ್ಟಿಸಿ ಹಾರಿಸಿ, ತುಸು ಸಿಹಿ ಸೇರಿಸಿ ಬೆಂಡು ಹಾಕುತ್ತಾರೆ. ವೈನಿಗೆ ಸಕ್ಕರೆ ಹಾಕಿ ನೊರೆ ಬರಿಸುವ ಸಂಗತಿಯನ್ನು ಕ್ರಿಸ್ಟೊಫರ್ ಮೆರೆಟ್ ಎಂಬ ಇಂಗ್ಲಿಷ್ ವೈದ್ಯರು 1662ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಓದಿದ್ದರೆಂದು ಇಲ್ಲಿನವರು ಫ್ರೆಂಚರ ಹೆಸರೆತ್ತಿದಾಗಲೆಲ್ಲ ನೆನಪಿಸುತ್ತಾರೆ. ಒಡತಿಯೂ ನೆನಪಿಸಿದರು.

ನಂತರ ರುಚಿ ನೋಡುವ ಮೇಜು. ಮೊದಲು ಬ್ಯಾಕಸ್ ಎಂಬ ಜರ್ಮನ್ ತಳಿಯ ನೊರೆಯಿಲ್ಲದ ಬಿಳಿ ವೈನು. ಲೋಟ ಮೂಗಿಗೆ ಬರುವ ಮೊದಲೇ ಆಗತಾನೆ ಕತ್ತರಿಸಿದ ಹುಲ್ಲಿನ, ಬೇಲಿಯ ಎಲ್ಡರ್ ಹೂವಿನ ಘಮ. ಈ ದೇಶದ ಜೂನ್ ತಿಂಗಳ ರಸ್ತೆಬದಿ ಹೇಗಿರುತ್ತದೋ ಹಾಗೆಯೇ. ಪಿನೋ ನ್ವಾರಿನ ಕೆಂಪು ವೈನು ತೆಳ್ಳಗಿತ್ತು. ಇಲ್ಲಿನವರು ಅದನ್ನು ಕೋಮಲ ಎನ್ನುತ್ತಾರೆ, ನನಗೆ ಬಡವಾಗಿ ಕಂಡಿತು. ಕೆಂಪು ಬೇಕೆಂದರೆ ಬಿಸಿಲು ಬೇಕು, ಹಟಕ್ಕೆ ಬಿದ್ದು ಪ್ರಯೋಜನವಿಲ್ಲ. ಕೊನೆಗೆ ಎರಡು ನೊರೆವೈನು, ಒಂದು 2018ರದು, ಇನ್ನೊಂದು 2021ರದು. 2018 ಬಿಸಿಲಿನ ವರ್ಷ, ಅಲ್ಲಿಯವರೆಗೆ ದೇಶ ಕಂಡಿರದಷ್ಟು ಬೆಳೆ. 2021 ತಂಪು, ಮಳೆ, ಡೌನಿ ಎಂಬ ಬೂಷ್ಟು ರೋಗದ ಕಾಟ. ಕೈಗೆ ಸಿಕ್ಕಿದ್ದೇ ಸ್ವಲ್ಪ. ಮೊದಲನೆಯದು ದುಂಡಗೆ, ಸುಲಭವಾಗಿ ಇಳಿಯಿತು. ಎರಡನೆಯದು ಹಸಿ ಸೇಬು ಕಚ್ಚಿದಂತೆ ನಾಲಿಗೆಯನ್ನು ಎಬ್ಬಿಸಿ ಕೂರಿಸಿತು. ನಾನು ಎರಡನೆಯದನ್ನೇ ಮತ್ತೆ ಕೇಳಿದೆ.

“ಅದು ಇಲ್ಲಿಯದು,” ಎಂದರು ಒಡತಿ. “2018ರದು ಎಲ್ಲಿಯದಾದರೂ ಆಗಬಹುದಿತ್ತು.”

ಹವೆ ಬಿಸಿಯಾಗುತ್ತಿರುವುದರಿಂದಲೇ ತಮ್ಮ ತೋಟ ನಡೆಯುತ್ತಿದೆ ಎಂಬುದನ್ನು ಅವರು ಮುಚ್ಚಿಡುವವರಲ್ಲ. ಆದರೆ ಲೆಕ್ಕ ಅಷ್ಟು ಸರಳವಲ್ಲ. ಮಾರ್ಚ್ ಬೆಚ್ಚಗಾದರೆ ಕಣ್ಣು ಬೇಗ ಒಡೆಯುತ್ತದೆ, ಏಪ್ರಿಲ್ ಕೊನೆಯ ಒಂದೇ ರಾತ್ರಿಯ ಮಂಜು ಎಳೆ ಚಿಗುರನ್ನೆಲ್ಲ ಕಪ್ಪಾಗಿಸುತ್ತದೆ. 2017ರ ಏಪ್ರಿಲ್ ಹಾಗೆಯೇ ದೇಶದ ಎಷ್ಟೋ ತೋಟಗಳ ಬೆಳೆ ನುಂಗಿತು. ಆ ರಾತ್ರಿ ಸಾಲುಗಳ ನಡುವೆ ಮೇಣದ ಡಬ್ಬಿಗಳನ್ನು ಹೊತ್ತಿಸಿಕೊಂಡು ಬೆಳಗಿನವರೆಗೆ ಓಡಾಡಿದ್ದರಂತೆ. ಉಳಿದದ್ದು ಇಳಿಜಾರಿನ ಮೇಲಿನ ಅರ್ಧ. ತಣ್ಣನೆಯ ಗಾಳಿ ನೀರಿನಂತೆ ತಗ್ಗಿಗೆ ಹರಿದು ನಿಲ್ಲುವುದರಿಂದ ಕೆಳಗಿನ ಅರ್ಧ ಹೋಯಿತು.

ಮರುದಿನ ಅಣ್ಣನೇ ಕರೆ ಮಾಡಿದ. ವೈನಿನ ರುಚಿ ಕೇಳಲಿಲ್ಲ, ಬೆಲೆ ಕೇಳಿದ. ಸೀಸೆಗೆ 30 ಪೌಂಡ್‌ವರೆಗೆ ಇದೆ, ಒಂದು ಸೀಸೆಗೆ ಒಂದೂಕಾಲು ಕಿಲೋ ಹಣ್ಣು ಬೇಕಾದೀತು ಎಂದೆ. ಮನಸ್ಸಿನಲ್ಲೇ ರೂಪಾಯಿ ಮಾಡಿಕೊಂಡು ಕೆಲಹೊತ್ತು ಸುಮ್ಮನಾದ. ಮಂಜಿನ ಕಾಟ, ವರ್ಷಕ್ಕೆ ಒಂದೇ ಬೆಳೆ, ಕೂಲಿ, ತೆರಿಗೆ ಎಲ್ಲವನ್ನೂ ವಿವರಿಸಿ, ನಿನ್ನೆ ಕೊಯ್ದ ಹಣ್ಣಿನ ದುಡ್ಡು ಕೈಗೆ ಬರಲು ಮೂರು ವರ್ಷವಾದರೂ ಕಾಯಬೇಕು ಎಂದೆ.

“ಸಾಲ ಕೊಟ್ಟವರು ಮೂರು ವರ್ಷ ಸುಮ್ಮನಿರುತ್ತಾರೆಯೇ?” ಎಂದ. “ನನ್ನ ಕಳೆದ ವರ್ಷದ ಒಣದ್ರಾಕ್ಷಿಯೂ ಇನ್ನೂ ಕೋಲ್ಡ್ ಸ್ಟೋರೇಜಿನಲ್ಲೇ ಮಲಗಿದೆ ತಮ್ಮಾ, ಬಾಡಿಗೆ ಓಡುತ್ತಿದೆ. ಹಳತಾಯಿತೆಂದು ಅದಕ್ಕೆ ಯಾರೂ ಒಂದು ರೂಪಾಯಿ ಹೆಚ್ಚು ಕೊಡುವುದಿಲ್ಲ.” ಆಳುಗಳು ಬಂದರೆಂದು ಫೋನ್ ಇಟ್ಟ.